ಚೆಂಡು ಬಿಟ್ಟು ಶಾಲು ಹೊತ್ತು ದುಬೈಗೆ

ಆಂಧ್ರದ ಗಡಿಯಲ್ಲಿರುವ ನಮ್ಮ ಆದವಾನಿಯಲ್ಲಿ ಹತ್ತನೇ ತರಗತಿಯ ಮಕ್ಕಳು ಆಟ ಆಡಬೇಕೆಂದರೆ ದುಬೈಗೆ ಹೋಗಬೇಕು. ಇದು ಅತಿಶಯೋಕ್ತಿ ಎನ್ನುವವರು ನಮ್ಮ ಶಾಲೆಯ ಟೈಮ್ ಟೇಬಲ್ಲನ್ನು ಒಮ್ಮೆ ನೋಡಬೇಕು. ಅದರಲ್ಲಿ ಆಟದ ಪೀರಿಯಡ್ಡುಗಳು ಇವೆ, ಇಲ್ಲವೆಂದು ಯಾರೂ ಹೇಳುವಂತಿಲ್ಲ. ಒಂದನ್ನು ಗಣಿತದವರು ತೆಗೆದುಕೊಳ್ಳುತ್ತಾರೆ, ಇನ್ನೊಂದನ್ನು ಸೈನ್ಸಿನವರು. ಅವರಿಬ್ಬರೂ ರಜೆ ಹಾಕಿದ ದಿನ ಸೋಷಿಯಲ್ ಹೇಳುವ ನಾನು ತೆಗೆದುಕೊಳ್ಳುತ್ತೇನೆ. ನಮ್ಮ ಆಟದ ಮೇಷ್ಟ್ರು ಖಾಜಾ ಸಾಹೇಬರು ಕೊರಳಿಗೆ ಸೀಟಿ ಹಾಕಿಕೊಂಡು ಬೆಳಿಗ್ಗೆ ಶಾಲೆಯ ಬಸ್ಸುಗಳನ್ನು ರಿವರ್ಸ್ ತೆಗೆಸುತ್ತಾರೆ, ಸಂಜೆ ಮತ್ತೆ ಅವನ್ನೇ ರಿವರ್ಸ್ ತೆಗೆಸುತ್ತಾರೆ. ಅವರು ಸೀಟಿ ಊದಿದರೆ ನಮ್ಮಲ್ಲಿ ಮಕ್ಕಳು ಓಡುವುದಿಲ್ಲ, ಬಸ್ಸು ಹಿಂದಕ್ಕೆ ಬರುತ್ತದೆ. ಮೈದಾನವೂ ಇದೆ. ಅರ್ಧ ಭಾಗದಲ್ಲಿ ಆ ಬಸ್ಸುಗಳು ನಿಲ್ಲುತ್ತವೆ. ಉಳಿದರ್ಧ ಶಾಲೆಯ ಬಣ್ಣದ ಕರಪತ್ರದಲ್ಲಿ ಬಹಳ ಹಸಿರಾಗಿದೆ.

ಹೀಗಿರುವಾಗ ನಮ್ಮ ಕರೆಸ್ಪಾಂಡೆಂಟ್ ವೀರಬಸಪ್ಪನವರಿಗೆ ಇದ್ದಕ್ಕಿದ್ದಂತೆ ಕ್ರೀಡೆಯ ಮೇಲೆ ಪ್ರೀತಿ ಹುಟ್ಟಿತು. ಶಾಲೆಯ ಮಾಲೀಕರಿಗೆ ನಮ್ಮ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಅವರದು ಮೂಲತಃ ಹತ್ತಿ ವ್ಯಾಪಾರ. ಸಡಿಲವಾಗಿ ಹರಡಿಕೊಂಡ ಅರಳೆಯನ್ನು ಒತ್ತಿ ಒತ್ತಿ ಗಟ್ಟಿ ಬೇಲು ಮಾಡುವುದು ಅವರ ಪ್ರೆಸ್ಸಿನ ಕೆಲಸ. ಶಾಲೆಯಲ್ಲಿ ಮಕ್ಕಳಿಗೂ ಅದನ್ನೇ ಮಾಡುತ್ತೇವೆ. ಊರಿನ ಇನ್ನೊಂದು ಶಾಲೆಯವರು ಮಕ್ಕಳನ್ನು ರಾಕೆಟ್ ಹಾರಿಸುವ ಜಾಗಕ್ಕೆ ಕರೆದುಕೊಂಡು ಹೋಗಿ ಬಂದು, ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸ್ ಹಾಕಿಸಿದ್ದರು. ಅದನ್ನು ಕಂಡ ದಿನವೇ ವೀರಬಸಪ್ಪನವರು ನನ್ನನ್ನು ಕೋಣೆಗೆ ಕರೆಸಿದರು.

“ಏಮಂಡಿ ಸಾರ್, ಅವ್ರು ರಾಕೆಟ್ ತೋರ್ಸಿದ್ರಂತ. ನಾವು ಫಾರಿನ್ನಿಗೇ ಹೋಗಿಬಿಡೋಣ. ದುಬೈ! ಸ್ಪೋರ್ಟ್ಸ್ ಸ್ಟಡಿ ಟೂರ್! ಹೆಸರು ಹೆಂಗೈತಿ?”

“ಹೆಸರು ಚೆನ್ನಾಗಿದೆ ಸಾರ್. ಆದರೆ ಆಟವನ್ನು ಇಲ್ಲೇ ಆಡಿಸಬಹುದಲ್ಲ?” ಎಂದೆ. ಕೆಲವೊಮ್ಮೆ ನನ್ನ ಬಾಯಿಂದ ಇಂಥ ಅಪಾಯಕಾರಿ ಮಾತುಗಳು ಬಂದುಬಿಡುತ್ತವೆ.

“ಇಲ್ಲಿ ಆಡಿದ್ರ ಟೈಮ್ ವೇಸ್ಟು ಸಾರ್,” ಎಂದು ಅವರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. “ಅಲ್ಲಿ ಆಡಿದ್ರ ಎಕ್ಸ್‌ಪೋಜರು.”

ಈ ಪ್ರವಾಸದ ಮುಂದಾಳತ್ವ ನನಗೆ ಬಂದುದಕ್ಕೆ ನನ್ನ ಕ್ರೀಡಾಸಾಧನೆ ಕಾರಣವೆಂದು ಯಾರೂ ತಪ್ಪು ತಿಳಿಯಬಾರದು. ಹೊರಟ ರೈಲಿನ ಹಿಂದೆ ಓಡಿದ್ದನ್ನು ಬಿಟ್ಟರೆ ನಾನು ಯಾವ ಆಟವನ್ನೂ ಆಡಿದವನಲ್ಲ. ಕಾರಣ ನನ್ನ ಪಾಸ್‌ಪೋರ್ಟು. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ವನಜಾಳಿಗೆ ಮುಕ್ತಿನಾಥನ ದರ್ಶನ ಮಾಡುವ ಆಸೆಯಾಗಿತ್ತು. ನೇಪಾಳ ಎಂದರೆ ಪರದೇಶ, ಪರದೇಶಕ್ಕೆ ಪಾಸ್‌ಪೋರ್ಟು ಬೇಕೇ ಬೇಕು ಎಂದು ಸೋಷಿಯಲ್ ಮೇಷ್ಟ್ರಾದ ನಾನೇ ಅಧಿಕಾರವಾಣಿಯಲ್ಲಿ ಹೇಳಿ, ಅಲೆದಾಡಿ ಮಾಡಿಸಿದೆ. ನಮ್ಮವರಿಗೆ ನೇಪಾಳಕ್ಕೆ ಅದು ಬೇಕಿಲ್ಲವೆಂಬುದು ಮಾಡಿಸಿಕೊಂಡ ಮೇಲೆ ತಿಳಿಯಿತು. ಅಷ್ಟರಲ್ಲಿ ಆಕೆಯ ಮಂಡಿನೋವು ಹೆಚ್ಚಾಗಿ, ಮುಕ್ತಿನಾಥ ಹೋಗಿ ಮಂತ್ರಾಲಯವಾಯಿತು. ಹಾಗಾಗಿ ಇಡೀ ಸ್ಟಾಫ್ ರೂಮಿನಲ್ಲಿ ಪಾಸ್‌ಪೋರ್ಟ್ ಇದ್ದ ಏಕೈಕ ಮನುಷ್ಯ ನಾನೇ. ಖಾಜಾ ಸಾಹೇಬರ ಬಳಿ ಇರಲಿಲ್ಲ. ಇದ್ದಿದ್ದರೂ ಬಸ್ಸುಗಳನ್ನು ರಿವರ್ಸ್ ತೆಗೆಸಲು ಬೇರೆ ಯಾರಿದ್ದರು?

ಇನ್ನೊಂದು ಕಾರಣವನ್ನು ಸಂಕೋಚದಿಂದ ಹೇಳಬೇಕು. ನಾನು ನಿರೂಪಕ. ಆದವಾನಿಯಲ್ಲಿ ಅಂಗಡಿ ಉದ್ಘಾಟನೆಯಾಗಲಿ, ಗೃಹಪ್ರವೇಶವಾಗಲಿ, ನಿವೃತ್ತಿಯಾಗಲಿ, ಮೈಕು ಹಿಡಿಯುವವನು ನಾನೇ. ಎಲ್ಲವನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳುತ್ತೇನೆ. ಎರಡೂ ಗೊತ್ತಿರುವ ಜನ ಎರಡು ಸಲ ಕೇಳಿ ಧನ್ಯರಾಗುತ್ತಾರೆ. ದುಬೈಗೆ ಹೊರಟಿದ್ದೇನೆಂದು ಹೇಳಿದಾಗ ವನಜಾ ಮಾತ್ರ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು.

“ಆಟದ್ದು ನಿಮಗೇನ್ ಗೊತ್ತದರೀ?” ಎಂದಳು.

“ನಾನು ಆಡುವುದಿಲ್ಲ. ಮಾತಾಡುತ್ತೇನೆ.”

“ಅದಕ್ಕೇ ನಂಗ ಹೆದರಿಕಿ,” ಎಂದು ಒಳಗೆ ಹೋದಳು.

ಕರೆದೊಯ್ಯಬೇಕಾಗಿದ್ದುದು ಹುಡುಗಿಯರ ವಾಲಿಬಾಲ್ ತಂಡ. ಅದರಲ್ಲಿ ಎರಡು ಬಗೆಯವರಿದ್ದರು. ಕೆಲವರಿಗೆ ಆಟ ಬರುತ್ತಿತ್ತು, ಕೆಲವರ ತಂದೆಯರಿಗೆ ಮಕ್ಕಳನ್ನು ದುಬೈಗೆ ಕಳಿಸುವುದು ಬರುತ್ತಿತ್ತು. ವಿಮಾನ ಹತ್ತಲು ಹೊರಟವರು ಎರಡನೆಯ ಬಗೆಯವರು. ಎರಡೂ ಕಡೆಗೆ ಸೇರಿದವಳು ಒಬ್ಬಳೇ, ಕ್ಯಾಪ್ಟನ್ ಮಹಾದೇವಿ. ಅವಳ ಅಪ್ಪನಿಗೆ ಹತ್ತಿ ಮಾರ್ಕೆಟ್ಟಿನಲ್ಲಿ ದಲ್ಲಾಳಿ ಅಂಗಡಿ. ಹುಡುಗಿ ಉದ್ದಕ್ಕೆ, ಮಾತು ಕಡಿಮೆ, ಚೆಂಡು ಹೊಡೆದಳೆಂದರೆ ಎದುರಿನವರು ಕೈ ಒಡ್ಡುವ ಬದಲು ಮುಖ ಮುಚ್ಚಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಬಸ್ಸುಗಳು ಹೋಗಿ, ಸ್ಪೆಷಲ್ ಕ್ಲಾಸು ಶುರುವಾಗುವುದರೊಳಗೆ ಸಿಗುವ ಚೂರು ಹೊತ್ತಿನಲ್ಲಿ ಖಾಜಾ ಸಾಹೇಬರು ಅವಳಿಗೂ ಆಟ ಬರುವ ಉಳಿದವರಿಗೂ ಕಳ್ಳತನದಲ್ಲಿ ಆಟ ಕಲಿಸಿದ್ದರು. ಈಗ ಹತ್ತನೇ ತರಗತಿಯಾದ್ದರಿಂದ ಆ ಕಳ್ಳತನವೂ ನಿಂತಿತ್ತು.

ಹೊರಡುವ ಮುಂಚೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. “ಸಾರ್, ದುಬೈದಾಗ ಮ್ಯಾಚ್ ಖರೇನ ಐತೇನ್ರಿ?”

“ಇದೆಯಮ್ಮ. ಅಲ್ಲಿನ ಶಾಲೆಯವರ ಜೊತೆ. ಮರದ ನೆಲದ ಕೋರ್ಟಂತೆ.”

“ಹಂಗಂದ್ರ ಸಾಕ್ರಿ. ಮುಂದಿನ ವರ್ಷ ನನ್ನ ಇಂಟರಿಗೆ ರೆಸಿಡೆನ್ಷಿಯಲ್ಲಿಗೆ ಹಾಕ್ತಾರ. ಅಲ್ಲಿ ಗ್ರೌಂಡೇ ಇಲ್ಲಂತ್ರಿ. ಒಂದು, ಒಂದ ಮ್ಯಾಚ್ ಪೂರಾ ಆಡಿಬಿಟ್ರ ಆತು.”

ಇಂಟರ್ ಎಂದರೆ ಕರ್ನಾಟಕದವರ ಪಿಯುಸಿ. ನಮ್ಮ ರಾಜ್ಯದ ಇಂಟರ್ ಕಾಲೇಜುಗಳ ಹಾಸ್ಟೆಲ್ಲನ್ನು ಬಲ್ಲವರಿಗೆ ನಾನು ವಿವರಿಸಬೇಕಿಲ್ಲ. ಅಲ್ಲಿ ಮಕ್ಕಳು ಕಣ್ಣುಬಿಟ್ಟಾಗ ಪುಸ್ತಕ, ಕಣ್ಣು ಮುಚ್ಚಿದಾಗ ಕನಸಿನಲ್ಲಿ ರ‍್ಯಾಂಕು. ಹುಡುಗಿಯನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. “ಆಡುವೆಯಂತೆ, ನಾನಿದ್ದೇನಲ್ಲ” ಎಂದೆ. ಆಮೇಲೆ ನಡೆದುದನ್ನು ನೋಡಿದರೆ ಆ ಮಾತಿನ ಕೊನೆಯ ಭಾಗವೇ ಅವಳ ಗ್ರಹಚಾರವಾಗಿತ್ತು.

ಸಾಮಾನು ಕಟ್ಟುವಾಗ ಮೊದಲ ಎಡವಟ್ಟಾಯಿತು. ನಮ್ಮ ಕಡೆ ಯಾವ ಕಾರ್ಯಕ್ರಮವೂ ಸನ್ಮಾನವಿಲ್ಲದೆ ನಡೆಯುವುದಿಲ್ಲ. ಮನುಷ್ಯ ಎದುರಿಗೆ ಸಿಕ್ಕರೆ ಶಾಲು ಹೊದಿಸಬೇಕು, ಹೊದಿಸಿದವನಿಗೆ ಇನ್ನೊಬ್ಬ ಹೊದಿಸಬೇಕು. ಹೊದಿಸದೆ ಬಿಟ್ಟರೆ ಮೂರು ತಲೆಮಾರು ಮಾತು ಬಿಡುತ್ತಾರೆ. ಪರದೇಶಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಕರೆಸ್ಪಾಂಡೆಂಟರು ಶಾಲು, ಪೇಟ, ರಾಯರ ಫೋಟೋ, ಬಸವಣ್ಣನವರ ಫೋಟೋ, ಬಾಡದ ಏಲಕ್ಕಿ ಹಾರ, ಎಲ್ಲವನ್ನೂ ತರಿಸಿದರು. ಅವರ ಶ್ರೀಮತಿ ಗೌರಮ್ಮನವರು ಹುಡುಗಿಯರ ಮೇಲ್ವಿಚಾರಣೆಗೆಂದು ಹೊರಟವರು, ಚಿನ್ನದ ಅಂಗಡಿಗಳ ಮೇಲ್ವಿಚಾರಣೆಗೆಂದು ಒಂದು ಖಾಲಿ ಪೆಟ್ಟಿಗೆಯನ್ನೂ ತಂದಿದ್ದರು. ತೂಕ ಹೆಚ್ಚಾಯಿತು. ಏನನ್ನಾದರೂ ಬಿಡಲೇಬೇಕಾಯಿತು. ಖಾಜಾ ಸಾಹೇಬರು ಗಾಳಿ ತೆಗೆದು ಮಡಿಸಿ ಕೊಟ್ಟಿದ್ದ ಚೆಂಡುಗಳೂ ಹುಡುಗಿಯರ ಮೊಣಕಾಲಿನ ಪಟ್ಟಿಗಳೂ ಪೆಟ್ಟಿಗೆಯಿಂದ ಹೊರಗೆ ಬಂದವು.

“ಚೆಂಡು ಅಲ್ಲೂ ಸಿಗ್ತಾವ ಸಾರ್,” ಎಂದರು ವೀರಬಸಪ್ಪನವರು. “ಶಾಲು ಸಿಗ್ತಾವೇನು?”

ಖಾಜಾ ಸಾಹೇಬರು ಆ ಚಪ್ಪಟೆ ಚೆಂಡುಗಳನ್ನು ಎದೆಗವುಚಿಕೊಂಡು, “ಕ್ಯಾ ಸಾಬ್, ಆಟಕ್ಕ ಹೊಂಟಿರೋ, ಮದಿವಿಗೆ ಹೊಂಟಿರೋ?” ಎಂದು ನನ್ನನ್ನು ಮಾತ್ರ ಕೇಳಿದರು. ನಾನು ನಕ್ಕು ಪೆಟ್ಟಿಗೆಗೆ ಬೀಗ ಹಾಕಿದೆ.

ದುಬೈಯಲ್ಲಿ ನಮ್ಮ ಕ್ರೀಡಾ ಅಧ್ಯಯನ ಭರದಿಂದ ನಡೆಯಿತು. ಮೊದಲು ಒಂದು ಬೃಹತ್ ಕ್ರೀಡಾಂಗಣದಲ್ಲಿ ಖಾಲಿ ಕುರ್ಚಿಗಳನ್ನು ಅಧ್ಯಯನ ಮಾಡಿದೆವು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಕರೆಸ್ಪಾಂಡೆಂಟರು ಒಂದು ಬೆಂಚಿನ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಯಾವುದೋ ಮಾಲಿನೊಳಗೆ ಮಂಜಿನ ಮೇಲೆ ಜಾರುತ್ತಿದ್ದ ಜನರನ್ನು ಗಾಜಿನ ಈಚೆಯಿಂದ ಅಧ್ಯಯನ ಮಾಡಿದೆವು. ಆದವಾನಿಯ ಬಿಸಿಲು ಸಾಲದೆಂದು ಇಲ್ಲಿಯ ಬಿಸಿಲಿಗೆ ಬಂದವರು, ಬಿಸಿಲಿನಲ್ಲಿ ಕೂಡಿಟ್ಟ ಮಂಜನ್ನು ನೋಡಿ ಬೆರಗಾದೆವು. ಬೂಟಿನ ಅಂಗಡಿಯೊಂದರಲ್ಲಿ ಬೂಟುಗಳನ್ನು ತಿರುವಿ ನೋಡಿ, ತಿರುಗಿ ಇಟ್ಟು, ಹೊಟೇಲಿಗೆ ಬಂದು ಗೌರಮ್ಮನವರು ತಂದಿದ್ದ ಶೇಂಗಾ ಚಟ್ನಿಪುಡಿ ಕಲಸಿಕೊಂಡು ಅನ್ನ ಉಂಡೆವು. ಮಹಾದೇವಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಮ್ಯಾಚ್ ನಾಳೇನೇನ್ರಿ ಸಾರ್?”

ಕೊನೆಗೆ ಆ ನಾಳೆಯೂ ಬಂತು. ನಮಗೆಲ್ಲ ಏರ್ಪಾಡು ಮಾಡಿದವರು ಅಲ್ಲೇ ಕೆಲಸದಲ್ಲಿರುವ ಗುರುರಾಜ ಎಂಬವರು. ನಮ್ಮ ಪಕ್ಕದ ಎಮ್ಮಿಗನೂರಿನ ಕಡೆಯವರು, ಸಾಧು ಮನುಷ್ಯ. ಒಂದು ಒಳಾಂಗಣ ಕೋರ್ಟನ್ನು ಒಂದು ಗಂಟೆಯ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದರು. ಎದುರು ಆಡಲು ಅಲ್ಲಿನ ಒಂದು ಶಾಲೆಯ ಹುಡುಗಿಯರು, ಅವರ ಕೋಚ್ ಮೇಡಂ ಬಂದಿದ್ದರು. ನೆಲ ಎಷ್ಟು ನುಣುಪಾಗಿತ್ತೆಂದರೆ ನಮ್ಮ ಹುಡುಗಿಯರು ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು ನೋಡಿದರು. ಮಹಾದೇವಿ ಬಗ್ಗಿ ಅಂಗೈಯಿಂದ ಅದನ್ನು ಸವರಿದಳು. ಅಷ್ಟು ಹೊತ್ತಿಗೆ ಕರೆಸ್ಪಾಂಡೆಂಟರು ನನಗೆ ಕಣ್ಸನ್ನೆ ಮಾಡಿದರು, ನಾನು ಮೈಕಿಗಾಗಿ ಸುತ್ತ ನೋಡಿದೆ. ಮೈಕಿರಲಿಲ್ಲ. ನನ್ನ ಗಂಟಲಿಗೆ ಮೈಕಿನ ಅಗತ್ಯವೂ ಇರಲಿಲ್ಲ.

ಎರಡು ತಂಡಗಳನ್ನೂ ನೆಟ್ಟಿನ ಆಚೀಚೆ ಸಾಲಾಗಿ ನಿಲ್ಲಿಸಿದೆ. ಪ್ರಾರ್ಥನೆಯಾಯಿತು. ಆಮೇಲೆ ಜ್ಯೋತಿ ಬೆಳಗಿಸುವುದು. ಒಳಗೆ ಬೆಂಕಿ ಹಚ್ಚುವಂತಿಲ್ಲವೆಂದು ಒಳಾಂಗಣದ ಮ್ಯಾನೇಜರ್ ಹೆಣ್ಣುಮಗಳು ಬಂದು ಕಡ್ಡಿಪೆಟ್ಟಿಗೆ ಕಸಿದುಕೊಂಡಳು. ಜ್ಯೋತಿಯಿಲ್ಲದೆ ಶುರುಮಾಡುವುದು ಅಪಶಕುನವೆಂದು ಗೌರಮ್ಮನವರು ಹಟ ಹಿಡಿದರು. ಚರ್ಚೆ ನಡೆದು, ಕೊನೆಗೆ ನಾವು ಹೊತ್ತು ತಂದಿದ್ದ ಹಿತ್ತಾಳೆಯ ದೀಪದ ಸಮೆಯ ಮೇಲೆ ಗುರುರಾಜರ ಮೊಬೈಲ್ ಇಟ್ಟು, ಗಣ್ಯರೆಲ್ಲ ಒಬ್ಬೊಬ್ಬರಾಗಿ ಅದರ ಟಾರ್ಚನ್ನು ಒತ್ತಿ ಬೆಳಗಿಸಿದರು. ಒಬ್ಬರು ಒತ್ತಿದರೆ ಹತ್ತುತ್ತಿತ್ತು, ಮುಂದಿನವರು ಒತ್ತಿದರೆ ಆರುತ್ತಿತ್ತು. ಆರಿದಾಗ ಮತ್ತೊಮ್ಮೆ ಮಾಡಿಸಬೇಕಾಯಿತು.

ಆಮೇಲೆ ಸ್ವಾಗತ. ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ಪರದೇಶದ ಮರ್ಯಾದೆಗೆಂದು ಇಂಗ್ಲಿಷಿನಲ್ಲೂ ಹೇಳಿದೆ. ಸನ್ಮಾನಗಳು ಶುರುವಾದವು. ಗುರುರಾಜರಿಗೆ ಶಾಲು, ಪೇಟ, ಹಾರ. ಅವರ ಮಡದಿಗೆ ಸೀರೆ, ಕುಂಕುಮ. ಎದುರು ತಂಡದ ಕೋಚ್ ಮೇಡಂಗೆ ಶಾಲು. ಕಡ್ಡಿಪೆಟ್ಟಿಗೆ ಕಸಿದುಕೊಂಡ ಮ್ಯಾನೇಜರಿಗೆ ಬೇಡ ಬೇಡವೆಂದರೂ ಶಾಲು ಮತ್ತು ರಾಯರ ಫೋಟೋ. ನಮ್ಮನ್ನು ಕರೆತಂದ ಡ್ರೈವರಿಗೆ ಶಾಲು. ಒಬ್ಬೊಬ್ಬರ ಪರಿಚಯವನ್ನೂ ಮೂರು ಭಾಷೆಯಲ್ಲಿ ಮಾಡಿಕೊಟ್ಟೆ. ಆ ಡ್ರೈವರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಆದರೂ ಅವನ ಬಗ್ಗೆ ನಾನು ಆಡಿದ ಮಾತುಗಳನ್ನು ಕೇಳಿ ಗೌರಮ್ಮನವರು ಕಣ್ಣು ಒರೆಸಿಕೊಂಡರು. ಮಹಾದೇವಿ ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಅಲ್ಲಿ ಗಡಿಯಾರವಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಆಗ ನಾನು, ನನ್ನ ಮಾತಿನಲ್ಲಿ ಹುಡುಗಿ ಮೈಮರೆತಿದ್ದಾಳೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅವಳೇ ಸಾಲು ಬಿಟ್ಟು ಬಂದು ಪಿಸುಗುಟ್ಟಿದಳು. “ಸಾರ್, ಟೈಮ್ ಆಗಾಕ ಹತ್ತೈತ್ರಿ. ಒಂದ ಸೆಟ್ಟರ ಆಡ್ತೀವ್ರಿ.”

“ತಡಿಯಮ್ಮ, ಅಧ್ಯಕ್ಷರ ಭಾಷಣ ಒಂದಿದೆ. ಅದಾದರೆ ಆಯಿತು,” ಎಂದೆ.

ಅಧ್ಯಕ್ಷರು, ಅಂದರೆ ನಮ್ಮ ಕರೆಸ್ಪಾಂಡೆಂಟರು, ಕ್ರೀಡೆಯ ಮಹತ್ವದ ಬಗ್ಗೆ ಮಾತಾಡಿದರು. ಆಟವಿಲ್ಲದ ಬದುಕು ಬದುಕೇ ಅಲ್ಲವೆಂದರು. ತಾವು ಚಿಕ್ಕಂದಿನಲ್ಲಿ ಗೋಲಿ ಆಡುತ್ತಿದ್ದುದನ್ನು ಮೊದಲಿನಿಂದ ಹೇಳಿದರು, ಅದನ್ನು ಇಂಗ್ಲಿಷಿಗೆ ಅನುವಾದಿಸುವಂತೆ ನನಗೆ ಅಪ್ಪಣೆ ಮಾಡಿದರು. ನಾನು ಗೋಲಿಯನ್ನು ಇಂಗ್ಲಿಷಿಗೆ ತರುತ್ತಿದ್ದ ಹೊತ್ತಿನಲ್ಲೇ ಒಳಾಂಗಣದ ಬಾಗಿಲು ತೆರೆಯಿತು. ಬ್ಯಾಡ್ಮಿಂಟನ್ ರಾಕೆಟ್ ಹಿಡಿದ ನಾಲ್ವರು ಹೊಟ್ಟೆ ಬಂದ ಗಂಡಸರು ಒಳಗೆ ಬಂದರು. ಮುಂದಿನ ಗಂಟೆ ಅವರದು. ಶಾಲು ಹೊದ್ದುಕೊಂಡೇ ಇದ್ದ ಮ್ಯಾನೇಜರ್ ಹೆಣ್ಣುಮಗಳು ಬಹಳ ವಿನಯದಿಂದ ನಮ್ಮ ಹೊತ್ತು ಮುಗಿಯಿತೆಂದಳು. ಗುರುರಾಜರು ಬೇಡಿಕೊಂಡರು. ಆಕೆ ಗೋಡೆಯನ್ನು ತೋರಿಸಿದಳು.

“ಅಯಿಪೋಯಿಂದಾ?” ಎಂದರು ಕರೆಸ್ಪಾಂಡೆಂಟರು ಆಶ್ಚರ್ಯದಿಂದ, ಮುಗಿದೇ ಹೋಯಿತೇ ಎನ್ನುವಂತೆ. ಆದರೆ ಅವರು ಎದೆಗುಂದುವ ಮನುಷ್ಯರಲ್ಲ. ಪಂದ್ಯ ಡ್ರಾ ಆಗಿದೆ ಎಂದು ಅಲ್ಲೇ ಘೋಷಿಸಿ, ಎರಡೂ ತಂಡಗಳಿಗೆ ಒಂದೊಂದು ಕಪ್ಪು ಕೊಟ್ಟರು. ಕಪ್ಪುಗಳನ್ನು ಆದವಾನಿಯಿಂದಲೇ ತಂದಿದ್ದೆವು. ನೆಟ್ಟಿನ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ, ಮಹಾದೇವಿ ಚೆಂಡು ಹಿಡಿದು ನಿಂತಿದ್ದಾಳೆ. ಅದು ಎದುರು ತಂಡದವರ ಚೆಂಡು. ಫೋಟೋ ಆದ ಮೇಲೆ ಕೊಟ್ಟುಬಿಟ್ಟಳು.

ವಾಪಸು ಬರುವಾಗ ವಿಮಾನದಲ್ಲಿ ಅವಳು ನನ್ನ ಪಕ್ಕದಲ್ಲಿದ್ದಳು. ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ. ಸಮಾಧಾನದ ಮಾತು ನನ್ನಲ್ಲಿ ಬೇಕಾದಷ್ಟಿದೆ. ಅವಳು ಅಳಲಿಲ್ಲ. ಸಿಟ್ಟನ್ನೂ ಮಾಡಲಿಲ್ಲ. “ಹೋಗ್ಲಿ ಬಿಡ್ರಿ ಸಾರ್” ಎಂದಳು, ಅದೂ ನಾನು ಕೇಳದೆ ಇದ್ದಾಗ. ನನಗೆ ನಿಜವಾಗಿ ನಾಚಿಕೆಯಾಯಿತು. ಇಡೀ ದಾರಿ ಬಾಯಿಬಿಡದೆ ಕೂತಿದ್ದೆ. ನನ್ನ ಆರೋಗ್ಯ ಕೆಟ್ಟಿದೆಯೇನೋ ಎಂದು ಗೌರಮ್ಮನವರು ಎರಡು ಸಲ ವಿಚಾರಿಸಿದರು.

ಊರಿಗೆ ಬಂದರೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತ್ತು. ದುಬೈ ನೆಲದಲ್ಲಿ ಆದವಾನಿ ಹುಡುಗಿಯರ ಅಜೇಯ ಸಾಧನೆ! ಒಂದು ದೃಷ್ಟಿಯಿಂದ ಇದರಲ್ಲಿ ಸುಳ್ಳಿರಲಿಲ್ಲ. ಪ್ರವಾಸವನ್ನು ಯಶಸ್ವಿಯಾಗಿ ನಡೆಸಿಕೊಟ್ಟ ನನಗೆ ಶಾಲೆಯ ಮೈದಾನದಲ್ಲಿ ಸನ್ಮಾನವೆಂದೂ ಗೊತ್ತಾಯಿತು. ಅದರ ನಿರೂಪಣೆಯೂ ನನ್ನದೇ. ನನ್ನನ್ನು ಸನ್ಮಾನಿಸುವಂತೆ ಗಣ್ಯರನ್ನು ನಾನೇ ಕೋರಿಕೊಂಡು, ಓಡಿಹೋಗಿ ಕುರ್ಚಿಯಲ್ಲಿ ಕೂರಬೇಕು. ಈ ಸಲ ಚುಟುಕಾಗಿ ಮುಗಿಸುತ್ತೇನೆಂದು ವನಜಾಳಿಗೆ ಮಾತು ಕೊಟ್ಟೆ. ಅವಳು ನಂಬಲಿಲ್ಲ, ಆದರೆ ಗೌರವದಿಂದ ಕೇಳಿಸಿಕೊಂಡಳು.

ಸನ್ಮಾನದ ದಿನ ಮಧ್ಯಾಹ್ನ ಮಹಾದೇವಿ ಮತ್ತೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. “ಸಾರ್, ಇವತ್ತು ನೀವು ಭಾಷಣ ಮಾಡ್ತೀರಲ್ರಿ?”

“ಎರಡೇ ಮಾತು ಕಣಮ್ಮ. ನನಗೂ ಬುದ್ಧಿ ಬಂದಿದೆ.”

ಹುಡುಗಿ ಗಾಬರಿಯಾದಳು. “ಹಂಗ ಮಾಡಬ್ಯಾಡ್ರಿ ಸಾರ್! ಎಲ್ಲಾ ಹೇಳ್ರಿ. ಕನ್ನಡ, ತೆಲುಗು ಎರಡರಾಗೂ ಹೇಳ್ರಿ. ಇಂಗ್ಲಿಷಿನಾಗೂ ಹೇಳ್ರಿ.”

ನನ್ನ ಕಣ್ಣು ಒದ್ದೆಯಾಯಿತು. ಎಂಥ ಮಗು! ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ವನಜಾಳಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಮೈದಾನದ ಹಸಿರು ಅರ್ಧದಲ್ಲಿ, ಅಂದರೆ ಕರಪತ್ರದಲ್ಲಿ ಹಸಿರಾಗಿರುವ ಅರ್ಧದಲ್ಲಿ, ಶಾಮಿಯಾನ ಹಾಕಿ, ಕುರ್ಚಿಗಳ ಹಿಂದೆ ಪರದೆ ಕಟ್ಟಿದ್ದರು. ಕಾರ್ಯಕ್ರಮಕ್ಕೆ ಅಡ್ಡಿಯಾಗಬಾರದೆಂದು ಖಾಜಾ ಸಾಹೇಬರು ಬಸ್ಸುಗಳನ್ನೆಲ್ಲ ರಿವರ್ಸ್ ತೆಗೆಸಿ ಹೊರಗೆ ರಸ್ತೆಯಲ್ಲಿ ನಿಲ್ಲಿಸಿದ್ದರು. ಚಪ್ಪಾಳೆಗೆ ಜನ ಸಾಲದೆಂದು ಕರೆಸ್ಪಾಂಡೆಂಟರು ಪತ್ತಿಕೊಂಡ ಎಂಬ ಊರಿನಲ್ಲಿದ್ದ ತಮ್ಮ ಇನ್ನೊಂದು ಶಾಲೆಯ ಹುಡುಗಿಯರನ್ನೂ ಕರೆಸಿದ್ದರು. ಮುಂದಿನ ಸಾಲುಗಳಲ್ಲಿ ಊರಿನ ವರ್ತಕರು, ಪೋಷಕರು. ನಾನು ಮೈಕು ಹಿಡಿದೆ. ಏನು ಹೇಳಲಿ, ಅಂದು ನನ್ನ ನಾಲಿಗೆಗೆ ರೆಕ್ಕೆ ಬಂದಿತ್ತು. ಜನ ಕೂಡ ಯಾವತ್ತೂ ಇಲ್ಲದ ಹಾಗೆ ಸ್ಪಂದಿಸಿದರು. ಹೇಳಿದ ಮಾತಿಗೆಲ್ಲ ಹಿಂದಿನಿಂದ ಹೋ ಎಂಬ ಕೇಕೆ, ಚಪ್ಪಾಳೆ. ಪ್ರತಿ ಚಪ್ಪಾಳೆಗೂ ನಿಂತು, ತಲೆ ಬಾಗಿಸಿ, ಮುಂದುವರಿಸಿದೆ.

ಕರೆಸ್ಪಾಂಡೆಂಟರ ಜನ್ಮಸ್ಥಳವನ್ನು ವರ್ಣಿಸುತ್ತಿದ್ದಾಗ, ವಾಕ್ಯದ ನಟ್ಟನಡುವೆ ಭಾರೀ ಚಪ್ಪಾಳೆ ಬಿತ್ತು. ನನಗೆ ಅನುಮಾನ ಬಂತು. ನನ್ನ ಮಾತಿಗೆ ಚಪ್ಪಾಳೆ ಬರಬಹುದು, ಕ್ರಿಯಾಪದಕ್ಕಾದರೂ ಕಾಯಬೇಕಲ್ಲ. ನೋಡಿದರೆ ಮುಂದಿನ ಸಾಲಿನವರು ಕೈ ಕಟ್ಟಿಕೊಂಡು ತೂಕಡಿಸುತ್ತಿದ್ದರು. ಹಿಂದಿನ ಕುರ್ಚಿಗಳೆಲ್ಲ ಖಾಲಿ. ಪ್ರಾರ್ಥನೆಗೆಂದು ವೇದಿಕೆಯ ಬಳಿ ಕೂರಿಸಿದ್ದ ಚಿಕ್ಕ ಹುಡುಗಿಯರನ್ನು ಕರೆದು ಒಂದು ಹಾಡು ಹೇಳಲು ಬಿಟ್ಟು, ವೇದಿಕೆಯಿಂದಿಳಿದು ಪರದೆ ಸರಿಸಿದೆ.

ಬಸ್ಸುಗಳು ನಿಲ್ಲುವ ಜಾಗದಲ್ಲಿ ನೆಟ್ಟು ಕಟ್ಟಿತ್ತು. ಈಚೆ ನಮ್ಮ ಹುಡುಗಿಯರು, ಅದೂ ದುಬೈಗೆ ಬರಲಾಗದ, ಆಟ ಬರುವ ಹುಡುಗಿಯರು. ಆಚೆ ಪತ್ತಿಕೊಂಡದವರು. ಸುತ್ತ ಎರಡೂ ಶಾಲೆಯ ಮಕ್ಕಳು. ಖಾಜಾ ಸಾಹೇಬರು ಒಂದು ಕುರ್ಚಿಯ ಮೇಲೆ ನಿಂತು ಸೀಟಿ ಊದುತ್ತಿದ್ದರು. ಅದರ ಸದ್ದನ್ನು ನನ್ನ ಧ್ವನಿವರ್ಧಕ ನುಂಗುತ್ತಿತ್ತು. ಮಹಾದೇವಿಯ ಮೈತುಂಬ ಧೂಳು, ಮೊಣಕಾಲಲ್ಲಿ ರಕ್ತ. ನನ್ನನ್ನು ಕಂಡು ಅವಳ ಮುಖ ಸಣ್ಣದಾಯಿತು.

“ಭಾಷಣ ಮುಗೀತೇನ್ರಿ ಸಾರ್?”

ನನ್ನ ಭಾಷಣ ಮುಗಿಯಿತೆಂದು ಯಾರಾದರೂ ಹೆದರಿದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದೆ. ಆಗ ನನಗೆ ಎಲ್ಲವೂ ಅರ್ಥವಾಯಿತು. ನಮ್ಮ ಶಾಲೆಯಲ್ಲಿ ದೊಡ್ಡವರೆಲ್ಲ ಒಂದೇ ಕಡೆ ಅಲುಗಾಡದಂತೆ ಕೂತಿರುವುದು ನಾನು ಮಾತಾಡುವಾಗ ಮಾತ್ರ ಎಂಬುದನ್ನು ಈ ಹುಡುಗಿ ದುಬೈಯಲ್ಲಿ ನಿಂತು ನಿಂತು ಕಲಿತಿದ್ದಳು. ನಮ್ಮ ಸ್ಟಡಿ ಟೂರಿನಲ್ಲಿ ನಿಜವಾಗಿ ಸ್ಟಡಿ ಮಾಡಿದವಳು ಅವಳೊಬ್ಬಳೇ.

“ಸನ್ಮಾನ ಬಾಕಿ ಇದೆ,” ಎಂದೆ. “ಆಮೇಲೆ ವಂದನಾರ್ಪಣೆ.”

“ಒಂದೊಂದು ಸೆಟ್ ಆಗ್ಯಾವ್ರಿ. ಇನ್ನೊಂದೈತ್ರಿ, ಕೊನೇದು.” ಅವಳು ಉಸಿರು ಎಳೆದುಕೊಂಡಳು. “ವಂದನಾರ್ಪಣೆ ಯಾರ್ ಮಾಡ್ತಾರ್ರಿ?”

“ನಾನೇ.”

“ಸಾವಕಾಶ ಮಾಡ್ರಿ ಸಾರ್.”

ಖಾಜಾ ಸಾಹೇಬರು ಕುರ್ಚಿಯ ಮೇಲಿಂದಲೇ ನನಗೆ ಸಲಾಮು ಹೊಡೆದರು. ನಾನು ವೇದಿಕೆಗೆ ಓಡಿದೆ. ರೈಲಿನ ಹಿಂದೆ ಕೂಡ ಅಷ್ಟು ಜೋರಾಗಿ ಓಡಿರಲಿಲ್ಲ. ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿದರು. ಎಲ್ಲವನ್ನೂ ಹೊತ್ತುಕೊಂಡು ಎದ್ದು ನಿಂತು ವಂದನೆಗೆ ಶುರುಮಾಡಿದೆ. ಕರೆಸ್ಪಾಂಡೆಂಟರಿಗೆ, ಅವರ ಶ್ರೀಮತಿಗೆ, ಅವರ ತಂದೆತಾಯಿಗಳಿಗೆ. ವರ್ತಕರಿಗೆ, ಹಮಾಲರಿಗೆ, ಹತ್ತಿ ಬೆಳೆದವರಿಗೆ, ಬೇಲು ಕಟ್ಟಿದವರಿಗೆ. ಶಾಮಿಯಾನದವನಿಗೆ, ಅದರ ಗೂಟ ಹೊಡೆದವನಿಗೆ, ಇಷ್ಟು ಹೊತ್ತಾದರೂ ಕೈಕೊಡದ ಕರೆಂಟಿಗೆ. ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ಖಾಜಾ ಸಾಹೇಬರಿಗಾಗಿ ನನಗೆ ಬಾರದ ಉರ್ದುವಿನಲ್ಲೂ ಎರಡು ಮಾತಾಡಿದೆ. ವರ್ತಕರು ಕುರ್ಚಿಯಲ್ಲಿ ಮಿಸುಕಾಡಿದರು, ಏಳಲು ನೋಡಿದರು. ಎದ್ದವರ ಹೆಸರನ್ನು ಹಿಡಿದು ವಂದಿಸಿದೆ, ಅವರು ಮರ್ಯಾದೆಗೆ ಮತ್ತೆ ಕೂತರು. ಕರೆಸ್ಪಾಂಡೆಂಟರು ಹಿಂದಿನಿಂದ, ತಾವೇ ಹೊದಿಸಿದ ಶಾಲಿನ ತುದಿ ಹಿಡಿದು ಎಳೆಯತೊಡಗಿದರು. ಶಾಲು ನೇಯ್ದವರಿಗೂ ವಂದಿಸಿದೆ.

ಪರದೆಯ ಹಿಂದೆ ಉದ್ದನೆಯ ಸೀಟಿ ಕೇಳಿಸಿತು. ಹಿಂದೆಯೇ ಎದ್ದ ಕೇಕೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. “ಇಲ್ಲಿಗೆ ನನ್ನ ಎರಡು ಮಾತು ಮುಗಿಸುತ್ತೇನೆ” ಎಂದು ಮೈಕು ಕೆಳಗಿಟ್ಟೆ.

ಗೆದ್ದದ್ದು ಪತ್ತಿಕೊಂಡದವರಂತೆ. ಜನ ಚದುರಿದ ಮೇಲೆ ಮಹಾದೇವಿ ಕುಂಟುತ್ತ ಬಂದಳು. ತಲೆಯಲ್ಲೂ ಧೂಳು, ಮುಖದ ತುಂಬ ನಗು. ಸೋತವಳಂತೆ ಕಾಣಲಿಲ್ಲ.

“ಸಾರ್, ಇವತ್ತು ಬಾಳ ಚಲೋ ಮಾತಾಡಿದ್ರಿ,” ಎಂದಳು.

ನಾನು ಆಡಿದ್ದರಲ್ಲಿ ಒಂದು ಮಾತನ್ನೂ ಅವಳು ಕೇಳಿಸಿಕೊಂಡಿರಲಿಲ್ಲ. ನನ್ನ ಭಾಷಣದ ಬಗ್ಗೆ ಇದುವರೆಗೆ ಬಂದ ಹೊಗಳಿಕೆಗಳಲ್ಲಿ ನಾನು ನಂಬಿದ್ದು ಅದೊಂದನ್ನೇ.